*ನೆಬೊ: ಷಷ್ಠಿಯಲ್ಲಿ ಉಳಿದುಕೊಂಡ ಸಕಾರ

ರಷ್ಯನ್ ಮೊದಲಾದ ಸ್ಲಾವಿಕ್ ಭಾಷೆಗಳ ತಾಯಿಯಾದ ಮೂಲ ಸ್ಲಾವಿಕ್‌ನಲ್ಲಿ ಆಕಾಶಕ್ಕೆ *ನೆಬೊ. ಆ ಭಾಷೆಯ ಒಂದು ಸಾಲು ಬರಹವೂ ಸಿಕ್ಕಿಲ್ಲ. ಅದರಿಂದ ಹುಟ್ಟಿದ ಭಾಷೆಗಳನ್ನು ಹೋಲಿಸಿ ಕಟ್ಟಿದ ರೂಪವಿದು ಎಂದು ತೋರಿಸುವುದಕ್ಕೇ ಪದದ ಮೊದಲಿನ ನಕ್ಷತ್ರ ಚಿಹ್ನೆ (*). ಸಂಸ್ಕೃತದ ‘ನಭಸ್’ ಇದರ ಒಡಹುಟ್ಟು. ನಮ್ಮ ‘ನಭೋಮಂಡಲ’ದಲ್ಲಿರುವುದೂ ಅದೇ. ಎರಡಕ್ಕೂ ಮೂಲ ಇಂಡೋ-ಯುರೋಪಿಯನ್ *ನೆಭೊಸ್. ಅದರ ಅರ್ಥ ಮೋಡ. ಗ್ರೀಕಿನ ‘ನೆಫೊಸ್’ ಮೋಡವಾಗಿಯೇ ಉಳಿಯಿತು, ಪ್ರಾಚೀನ ಅನಟೋಲಿಯಾದ (ಇಂದಿನ ಟರ್ಕಿ) ಭಾಷೆ ಹಿಟೈಟಿನ ‘ನೆಪಿಸ್’ ಸ್ಲಾವಿಕ್‌ನಂತೆ ಆಕಾಶವಾಯಿತು. ಲಿಥುವೇನಿಯನ್ ‘ದೆಬೆಸಿಸ್’ (ಮೋಡ) ಕೂಡ ಇದೇ ಬಳಗದ್ದು, ಮೊದಲಿನ ದಕಾರ ಮಾತ್ರ ನಿಯಮಕ್ಕೆ ಹೊರತು.

ವ್ಯಾಕರಣದ ಸೊಗಸಿರುವುದು ವಿಭಕ್ತಿಗಳಲ್ಲಿ. ಇದು ಸಕಾರಾಂತ ನಪುಂಸಕ. ಏಕವಚನದಲ್ಲಿ ಪ್ರಥಮಾ, ದ್ವಿತೀಯಾ *ನೆಬೊ, ಷಷ್ಠಿ, ಸಪ್ತಮಿ *ನೆಬೆಸೆ, ಚತುರ್ಥಿ *ನೆಬೆಸಿ. ಬಹುವಚನ *ನೆಬೆಸಾ. ಪದದ ಕೊನೆಯ ವ್ಯಂಜನಗಳನ್ನೆಲ್ಲ ಸ್ಲಾವಿಕ್ ಉದುರಿಸಿದ್ದರಿಂದ ಪ್ರಥಮೆಯಲ್ಲಿ ಸಕಾರ ಹೋಯಿತು. ಷಷ್ಠಿಯಲ್ಲಿ ಅದರ ಮುಂದೆ ಸ್ವರವಿದ್ದುದರಿಂದ ಬದುಕಿತು. *ನೆಬೆಸೆಯ ಪಕ್ಕದಲ್ಲಿ ‘ನಭಸಃ’ ಇಟ್ಟು ನೋಡಿ: ಸಂಸ್ಕೃತ ಹಳೆಯ ಎ, ಒ, ಅ ಮೂರನ್ನೂ ಅಕಾರವಾಗಿಸಿತು, ಸ್ಲಾವಿಕ್ ಎಕಾರವನ್ನು ಹಾಗೆಯೇ ಕಾಪಾಡಿತು.

ಸಪ್ತಮಿ ಬಹುವಚನ *ನೆಬೆಸಿಖು ಇನ್ನೂ ಸ್ವಾರಸ್ಯಕರ. (ಕೊನೆಯ ಇ, ಉ ಎರಡೂ ಅತಿಹ್ರಸ್ವ, ಖ ಇಲ್ಲಿ ಉರುಬುವ ಧ್ವನಿ.) ಇ, ಉ, ರ, ಕಗಳ ನಂತರ ಬಂದ ಸಕಾರ ಖ ಆಗುತ್ತದೆ. ಹಾಗಾಗಿ ಎಕಾರದ ನಂತರದ ಮೊದಲ ಸಕಾರ ನಿಂತಿತು, ಇಕಾರದ ನಂತರದ್ದು ಬದಲಾಯಿತು. ಸಂಸ್ಕೃತದ ಸಪ್ತಮಿ ಬಹುವಚನ ‘ಮನಸ್ಸು’ (ಮನಸ್ಸುಗಳಲ್ಲಿ) ಎಂಬುದರಲ್ಲಿ ಉಳಿದ ‘ಸು’ ‘ಅಗ್ನಿಷು’ (ಅಗ್ನಿಗಳಲ್ಲಿ) ಎಂಬುದರಲ್ಲಿ ‘ಷು’ ಆದದ್ದೂ ಇದೇ ಪರಿಸರದಲ್ಲಿ.

ತೊಡಕು ಕೊನೆಯ ಒಕಾರದ್ದು. ಪುಲ್ಲಿಂಗದ -ಒಸ್ ಅತಿಹ್ರಸ್ವ ಉಕಾರವಾಗಿದೆ. ಆ ಲೆಕ್ಕದಲ್ಲಿ *ನೆಬು ಎಂದಾಗಬೇಕಿತ್ತು. ‘ಅದು’ ಎಂಬರ್ಥದ ನಪುಂಸಕ ಸರ್ವನಾಮ *ತೊ ಇದನ್ನು ತನ್ನ ಕಡೆಗೆ ಎಳೆದುಕೊಂಡಿತು ಎಂಬ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆ.

ಇಂದಿನ ರಷ್ಯನ್ ಒಂದನ್ನೇ ನೋಡಿದವರು ಎಡವುತ್ತಾರೆ. ಅಲ್ಲಿ ಷಷ್ಠಿ ‘ನೆಬಾ’, ಸಕಾರವೇ ಇಲ್ಲ: ಒಕಾರಾಂತಗಳ ಮಾದರಿ ಗೆದ್ದಿದೆ. ಬಹುವಚನ ‘ನೆಬೆಸಾ’ ಮಾತ್ರ ಹಳೆಯದು; ಕ್ರೈಸ್ತ ಪ್ರಾರ್ಥನೆಯ ‘ಸ್ವರ್ಗಗಳಲ್ಲಿ’ ಎಂಬ ಬಹುವಚನ ಪ್ರಯೋಗವೂ ಅದಕ್ಕೆ ಆಸರೆಯಾಗಿರಬೇಕು. ರಷ್ಯನ್ನಿನದೇ ಧ್ವನಿನಿಯಮ (ಒತ್ತು ಬಿದ್ದ ಎಕಾರ ಇಂಥಲ್ಲಿ ‘ಯೊ’ ಆಗುವುದು) ನಡೆದಿದ್ದರೆ ಆಕಾಶ ‘ನ್ಯೊಬೊ’ ಆಗುತ್ತಿತ್ತು. ಚರ್ಚಿನ ಪ್ರಾರ್ಥನೆಯ ಭಾಷೆಯಾದ ಚರ್ಚ್ ಸ್ಲಾವೊನಿಕ್‌ನ ಉಚ್ಚಾರಣೆ ಆಕಾಶಕ್ಕೆ ಉಳಿಯಿತು, ‘ನ್ಯೊಬೊ’ ಬಾಯಿಯ ಅಂಗುಳಕ್ಕೆ ಹೋಯಿತು. ಚಕ್ರ ಎಂಬರ್ಥದ *ಕೊಲೊ, ಷಷ್ಠಿ *ಕೊಲೆಸೆ, ಹಿಡಿದದ್ದು ತದ್ವಿರುದ್ಧ ದಾರಿ: ರಷ್ಯನ್ನಿನಲ್ಲಿ ಸಕಾರ ಪ್ರಥಮೆಗೂ ನುಗ್ಗಿ ‘ಕೊಲೆಸೊ’ ಆಯಿತು.