ಉಪ್ಪುನೀರಿನ ಟ್ಯಾಂಕ್ ಅಪ್‌ಡೇಟ್: ಡ್ರಮ್ಮಿನಲ್ಲಿ ಉಳಿದುಕೊಂಡವರು

ಮನೆ ಬದಲಾಯಿಸಿದ ಮೇಲೆ ಟ್ಯಾಂಕ್ ಕೆಲಸ ನಿಂತೇ ಹೋಗಿತ್ತು. ಸ್ಟ್ಯಾಂಡ್ ಈಗಷ್ಟೇ ಬಂತು. ಕ್ಲೌನ್ ಮೀನುಗಳ ಜೋಡಿ ಇಷ್ಟು ದಿನ ಗೆಳೆಯನ ಟ್ಯಾಂಕಿನಲ್ಲಿ ಆರಾಮಾಗಿತ್ತು. ಸೆರಾಮಿಕ್ ಕಲ್ಲುಗಳನ್ನು ಮಾತ್ರ ಹಳೇ ಉಪ್ಪುನೀರಿನ ಜೊತೆ ಒಂದು ನೀಲಿ ಡ್ರಮ್ಮಿಗೆ ಹಾಕಿ, ಮುಚ್ಚಳ ಓರೆ ಮಾಡಿ, ಬಾಲ್ಕನಿಯಲ್ಲಿ ಇಟ್ಟಿದ್ದೆ. ಹೀಟರ್ ಇಲ್ಲ, ಲೈಟ್ ಇಲ್ಲ, ಪಂಪ್ ಇಲ್ಲ. ಮೀನಿನ ಗಲೀಜಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ತಿನ್ನುವ, ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಉಳಿದರೆ ಸಾಕು ಅಂದುಕೊಂಡಿದ್ದೆ. (ಹವಳದ ಕಲ್ಲು ನಾನು ಇಡುವುದಿಲ್ಲ. 2001ರಿಂದಲೂ ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ. ಅದು ಸಮುದ್ರದಲ್ಲೇ ಇರಲಿ.)

ಈ ವಾರ ಡ್ರಮ್ ತೆರೆದೆ. ನೀರು ಆವಿಯಾಗಿ ಉಪ್ಪು ಏರಿತ್ತು. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಸಾವಿರಕ್ಕೆ 41 ಭಾಗ ತೋರಿಸಿತು. ಇರಬೇಕಾದದ್ದು 35. ಮೇಲೆ ಎಣ್ಣೆಯಂಥ ತೆಳು ಪದರ, ತಳದಲ್ಲಿ ಕಂದು ಕೆಸರು. ಟಾರ್ಚ್ ಹಾಕಿ ನೋಡುತ್ತೇನೆ, ಕಲ್ಲಿನ ತೂತಿನಿಂದ ಒಂದು ಬ್ರಿಸಲ್ ವರ್ಮ್ (ಮೈತುಂಬ ಬಿರುಗೂದಲಿರುವ ಕಡಲ ಹುಳ) ತಲೆ ಹಾಕಿ ಸರಕ್ಕನೆ ಒಳಗೆ ಹೋಯಿತು! ಕೆಸರು ಕದಡಿದರೆ ಸಿಗಡಿ ಬಳಗದ ಪುಟಾಣಿ ಆಂಫಿಪಾಡ್‌ಗಳು ಅಡ್ಡಡ್ಡ ಈಜುತ್ತಾ ಚದುರಿದವು. ಅಕ್ಕಿಕಾಳಿಗಿಂತ ಚಿಕ್ಕವು, ಆದರೆ ಚುರುಕು ನೋಡಬೇಕು. ಪುಟ್ಟ ಆಸ್ಟರೀನಾ ನಕ್ಷತ್ರಮೀನುಗಳು ಮಾತ್ರ ಒಂದೂ ಉಳಿದಿಲ್ಲ. ನಕ್ಷತ್ರಮೀನುಗಳಿಗೆ ಸಾಮಾನ್ಯವಾಗಿ ಉಪ್ಪಿನ ಏರಿಳಿತ ಅಷ್ಟಾಗಿ ಆಗುವುದಿಲ್ಲ.

ನಾನು ಬಹಳ ಹೊತ್ತು ನೋಡುತ್ತಾ ಕೂತದ್ದು ಐಪ್ಟೇಸಿಯಾವನ್ನು. ಇದು ಒಂದು ಜಾತಿಯ ಕಡಲ ಹೂವು (ಸೀ ಅನಿಮೋನ್), ಹೆಸರು ಹೂವಾದರೂ ಪ್ರಾಣಿ. ಹವ್ಯಾಸಿಗಳಿಗೆಲ್ಲ ದೊಡ್ಡ ತಲೆನೋವು. ಕಿತ್ತರೆ ಬುಡದಲ್ಲಿ ಉಳಿದ ಚೂರಿನಿಂದಲೇ ಮತ್ತೆ ಬೆಳೆಯುತ್ತದೆ. ಟ್ಯಾಂಕಿನಲ್ಲಿ ಕಂದು ಬಣ್ಣಕ್ಕಿದ್ದದ್ದು ಡ್ರಮ್ಮಿನ ಕತ್ತಲಲ್ಲಿ ಗಾಜಿನ ಹಾಗೆ ಬೆಳ್ಳಗಾಗಿದೆ. ಎಳೆಗಳ ಆಚೆಗಿನ ಕಲ್ಲು ಕಾಣುತ್ತದೆ. ಮೈಯೊಳಗೇ ಇದ್ದು ಬಣ್ಣವನ್ನೂ ಊಟವನ್ನೂ ಕೊಡುತ್ತಿದ್ದ ಪಾಚಿಯೆಲ್ಲ ಹೋಗಿದೆ. ಆದರೂ ಜೀವ ಇದೆ! ಪೈಪೆಟ್‌ನಲ್ಲಿ ಒಂದು ಆರ್ಟೀಮಿಯಾ (ಮೀನಿಗೆ ಹಾಕುವ ಪುಟ್ಟ ಸಿಗಡಿಯಂಥ ಜೀವಿ) ಹತ್ತಿರ ಬಿಟ್ಟೆ. ಎಳೆಗಳು ಮಡಚಿ ಬಾಯಿಗೆ ತಳ್ಳಿದವು. ಇದೇ ಗುಣಕ್ಕೆ ಹವಳ ಮತ್ತು ಪಾಚಿಯ ಸಂಬಂಧ ಅಭ್ಯಾಸ ಮಾಡುವ ಲ್ಯಾಬ್‌ಗಳಲ್ಲಿ ಐಪ್ಟೇಸಿಯಾ ಸಾಕುತ್ತಾರೆ. ಪಾಚಿ ತೆಗೆದರೂ ಊಟ ಕೊಟ್ಟರೆ ಬದುಕುತ್ತದೆ, ಆಮೇಲೆ ಪಾಚಿ ಮತ್ತೆ ಸೇರಿಸಬಹುದು. ಬಹುತೇಕ ಹವಳಗಳು ಪಾಚಿ ಕಳೆದುಕೊಂಡರೆ ಹೆಚ್ಚು ಕಾಲ ತಡೆಯಲಾರವು.

ಡ್ರಮ್ಮಿನಲ್ಲಿ ಉಳಿದ ಇಂಥ ಜೀವಿಗಳು ಇಷ್ಟು ಗಟ್ಟಿ ಯಾಕೆ ಅಂತ ಅರ್ಥವಾಗಬೇಕಾದರೆ ಇಳಿತದ ಹೊತ್ತಿಗೆ ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಬಂಡೆಗಳ ಸಂದಿ ನೋಡಬೇಕು. ಅಲ್ಲಿ ನಿಂತ ನೀರು ಬಿಸಿಲಿಗೆ ಕಾಯುತ್ತದೆ, ಉಪ್ಪು ಏರುತ್ತದೆ. ಮಳೆ ಬಂದರೆ ಮೇಲಿನ ನೀರು ಸಪ್ಪೆಯಾಗುತ್ತದೆ. ಅಂಥಲ್ಲಿ ಇರುವ ಬಸವನಹುಳು ಬಾಯಿಗೆ ಮುಚ್ಚಳ ಹಾಕಿಕೊಂಡು ಚಿಪ್ಪಿನೊಳಗಿನ ತೇವದಲ್ಲೇ ಅಲೆ ಬರುವವರೆಗೂ ಕಾಯುತ್ತದೆ. ಉಪ್ಪುನೀರಿನ ಜೀವಿ ಅಂದರೆ ಮುಟ್ಟಿದರೆ ಸಾಯುತ್ತದೆ ಅಂತ ಅಂಗಡಿಗಳಲ್ಲಿ ಹೆದರಿಸುತ್ತಾರಲ್ವಾ, ಅದು ಎಲ್ಲದಕ್ಕೂ ನಿಜವಲ್ಲ. ನಿಧಾನವಾದ ಬದಲಾವಣೆಯನ್ನು ಬಹಳಷ್ಟು ತಡೆದುಕೊಳ್ಳುತ್ತವೆ. ತಾಮ್ರದ ಔಷಧಿ ಹಾಕಿದರೆ ಮಾತ್ರ ಸಿಗಡಿ, ಬಸವನಹುಳು ಯಾವುದೂ ಉಳಿಯುವುದಿಲ್ಲ.

ಹಾಗಾಗಿ 41ರಿಂದ 35ಕ್ಕೆ ಒಂದೇ ಸಲ ಇಳಿಸಲಿಲ್ಲ. ದಿನಾ ಸ್ವಲ್ಪ ನೀರು ತೆಗೆದು ಅಷ್ಟೇ ಆರ್‌ಓ ನೀರು ಹಾಕುತ್ತಿದ್ದೇನೆ. ನಿನ್ನೆಗೆ 37. ಏರ್ ಪಂಪ್ ಓಡುತ್ತಿದೆ. ಬ್ಯಾಕ್ಟೀರಿಯಾ ಉಳಿದಿದೆಯಾ ಅಂತ ನೋಡಲು ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 1 ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಭಾಗ) ಮಾಡಿದ್ದೆ. ಮಾರನೇ ದಿನ ಟೆಸ್ಟ್ ಟ್ಯೂಬ್ ಪೂರ್ತಿ ಹಳದಿ, ಅಂದರೆ ಅಮೋನಿಯಾ ಸೊನ್ನೆ, ಬ್ಯಾಕ್ಟೀರಿಯಾ ಎಲ್ಲ ತಿಂದು ಹಾಕಿದೆ. ಅದನ್ನು ನೋಡಿ ಆದ ಖುಷಿ ಹೇಳತೀರದು.

ಐಪ್ಟೇಸಿಯಾ ಇರುವ ಕಲ್ಲನ್ನು ದೊಡ್ಡ ಟ್ಯಾಂಕಿಗೆ ಹಾಕುವುದಿಲ್ಲ. ಸುಣ್ಣದ ಪೇಸ್ಟ್ ಹಾಕಿ ಕೊಲ್ಲಲೂ ಮನಸ್ಸಿಲ್ಲ. ಹಳೇ ಒಂದಡಿ ಟ್ಯಾಂಕ್ ಇದೆ, ಅದರಲ್ಲಿ ಲೈಟ್ ಕೆಳಗೆ ಇಟ್ಟು ಕಂದು ಬಣ್ಣ ಯಾವಾಗ ವಾಪಸ್ ಬರುತ್ತದೆ ನೋಡುತ್ತೇನೆ. ಉಳಿದ ಕಲ್ಲುಗಳು ಭಾನುವಾರ ಹೊಸ ಟ್ಯಾಂಕಿಗೆ.