ಜನ ಯಾಕೆ ಒಂದೇ ಕಂಪನಿ ಕಾರಿಗೆ ಅಂಟಿಕೊಳ್ಳುತ್ತಾರೆ, ಯಾಕೆ ಬಿಟ್ಟು ಹೋಗುತ್ತಾರೆ?

ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಡಿಸುವುದು, ಮಾರಿಸಿಕೊಡುವುದು ನನ್ನ ಕೆಲಸ. ಸಕಲೇಶಪುರ, ಬೇಲೂರು, ಅರಕಲಗೂಡು ಕಡೆಯಿಂದ ಗಿರಾಕಿಗಳು ಬರುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು ಊರಿಗೆ ಬಂದಾಗ ಅಪ್ಪನನ್ನು ಕರೆದುಕೊಂಡು ಬರುತ್ತಾರೆ. ಸುತ್ತಿ ಬಳಸಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಆ ಕಾರು ನೋಡೋಕೆ ಚೆನ್ನಾಗಿದೆ, ಗಟ್ಟಿ ಇದೆ, ಫೀಚರ್ಸೂ ಜಾಸ್ತಿ. ಆದ್ರೂ ಜನ ಯಾಕೆ ಮಾರುತಿ, ಟೊಯೋಟಾ ಅಂತಾನೇ ಹೋಗ್ತಾರೆ?" ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಮತ್ತೆ ಇಷ್ಟು ವರ್ಷ ಮಾರುತಿ ಬಿಟ್ಟು ಬೇರೆ ಮುಟ್ಟದ ನಮ್ಮ ಮಾವ ಈಗ ಟಾಟಾ ಯಾಕೆ ತಗೊಂಡ್ರು?"

ಬಿಡಿಬಿಡಿಯಾಗಿ ಹೇಳುತ್ತಾ ಬಂದಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನನ್ನ ಪ್ರಕಾರ ನಮ್ಮ ಜನ ಲೋಗೋಗೆ ಮರುಳಾಗುವುದು ಬಹಳ ಕಡಿಮೆ. ಅವರು ನೋಡುವುದು ಏಳನೇ ವರ್ಷವನ್ನು. ವಾರಂಟಿ ಮುಗಿದ ಮೇಲೆ ಗಾಡಿ ಕೆಟ್ಟರೆ ರಿಪೇರಿ ಮಾಡುವವರು ಯಾರು, ಪಾರ್ಟ್ ಎಲ್ಲಿ ಸಿಗುತ್ತದೆ, ಮಾರಲು ಹೊರಟರೆ ಯಾರು ತಗೊಳ್ಳುತ್ತಾರೆ? ಇದಕ್ಕೆ ಉತ್ತರ ಸಿಕ್ಕಿದ ಕಂಪನಿಯನ್ನು ಅವರು ಬಿಡುವುದಿಲ್ಲ. ಉತ್ತರ ತಪ್ಪಿದ ದಿನ ಹಿಂದೆ ತಿರುಗಿ ನೋಡುವುದಿಲ್ಲ.

ಇದಕ್ಕೆ ಫಿಯಟ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಫಿಯಟ್‌ನವರ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಇಂಜಿನ್ ನಮ್ಮ ದೇಶದ ಮೂಲೆಮೂಲೆಯಲ್ಲಿ ಓಡಿದೆ. ಸ್ವಿಫ್ಟ್, ಡಿಜೈರ್, ರಿಟ್ಜ್, ಎರ್ಟಿಗಾದಲ್ಲಿ ಇದ್ದದ್ದು ಅದೇ. ಮಾರುತಿ ಅದನ್ನು ಲೈಸೆನ್ಸ್ ಪಡೆದು ಇಲ್ಲೇ ತಯಾರಿಸುತ್ತಿತ್ತು. ಟಾಟಾದ ಇಂಡಿಕಾ ವಿಸ್ಟಾ, ಮಾಂಜಾದಲ್ಲೂ ಅದೇ ಇಂಜಿನ್ ಇತ್ತು. ಫಿಯಟ್‌ನ ಸ್ವಂತ ಕಾರುಗಳಾದ ಪುಂಟೊ, ಲೀನಿಯಾದಲ್ಲೂ ಅದೇ. ಸಸ್ಪೆನ್ಷನ್, ಬಾಡಿ, ರೋಡ್ ಗ್ರಿಪ್ ಎಲ್ಲದರಲ್ಲೂ ಲೀನಿಯಾ ಒಂದು ಕೈ ಮೇಲೆ ಅಂತ ಓಡಿಸಿದವರೆಲ್ಲ ಹೇಳುತ್ತಿದ್ದರು. ನಾನೂ ಓಡಿಸಿದ್ದೇನೆ, ಅದು ನಿಜ. ಆದರೂ ಸ್ವಿಫ್ಟ್ ಡೀಸೆಲ್‌ಗೆ ಜನ ತಿಂಗಳುಗಟ್ಟಲೆ ಕಾದರು, ಲೀನಿಯಾ ಶೋರೂಮಿನಲ್ಲೇ ನಿಂತಿತ್ತು.

ಯಾಕೆ? 2012ರವರೆಗೆ ಫಿಯಟ್ ಕಾರುಗಳು ಟಾಟಾ ಶೋರೂಮ್‌ಗಳಲ್ಲೇ ಮಾರಾಟವಾಗುತ್ತಿದ್ದವು. ಸರ್ವೀಸೂ ಅಲ್ಲೇ. ತನ್ನ ಮನೆ ಅಂತ ಒಂದು ಜಾಗ ಫಿಯಟ್‌ಗೆ ಇರಲಿಲ್ಲ. ನಮ್ಮ ಕಡೆಯ ಸಣ್ಣ ಊರಿನ ಗ್ಯಾರೇಜಿಗೆ ಸ್ವಿಫ್ಟ್ ತಂದರೆ ಮೆಕ್ಯಾನಿಕ್ ಬಾನೆಟ್ ಎತ್ತಿ ಕೆಲಸ ಶುರು ಮಾಡುತ್ತಿದ್ದ. ಅದೇ ಇಂಜಿನ್ನಿನ ಲೀನಿಯಾ ತಂದರೆ, "ಸಾರ್, ಇದನ್ನ ಕಂಪನಿಗೇ ಬಿಡಿ" ಅನ್ನುತ್ತಿದ್ದ. ಇಂಜಿನ್ ಒಂದೇ ಅಂತ ಅವನಿಗೂ ಗೊತ್ತಿತ್ತು. ಆದರೆ ಸೆನ್ಸರ್, ಬುಷ್, ಹೆಡ್‌ಲ್ಯಾಂಪ್ ಬೇಕಾದರೆ ತರುವುದೆಲ್ಲಿಂದ? ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನ್ ಹಾಕಿದರೆ ಮಾರುತಿ ಪಾರ್ಟ್ ರಾತ್ರಿ ಬಸ್ಸಿಗೆ ಬರುತ್ತದೆ. ಫಿಯಟ್‌ದು ಬರುತ್ತದೋ ಇಲ್ಲವೋ ಎಂಬ ಅನುಮಾನ. ಆ ಅನುಮಾನ ಸಾಕಾಯಿತು. 2020ರಲ್ಲಿ ಹೊಗೆ ಮಾಲಿನ್ಯ ಕಡಿಮೆ ಮಾಡುವ ಬಿಎಸ್-6 ನಿಯಮ ಬರುವ ಹೊತ್ತಿಗೆ ಫಿಯಟ್ ಹೆಸರಿನ ಹೊಸ ಕಾರು ನಮ್ಮಲ್ಲಿ ಇರಲಿಲ್ಲ.

ಮಾರುತಿ ಈ ಜಾಗ ಗಳಿಸಿದ್ದು ಸುಮ್ನೆ ಅಲ್ಲ. ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಇದ್ದದ್ದು ಮುಖ್ಯವಾಗಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಅವುಗಳನ್ನು ಜನ ವರ್ಷಗಟ್ಟಲೆ ಕಾದು ಕೊಂಡರು. ಅದನ್ನು ನಿಷ್ಠೆ ಅನ್ನಲು ನನಗೆ ಮನಸ್ಸಿಲ್ಲ, ಬೇರೆ ದಾರಿಯೇ ಇರಲಿಲ್ಲ. ದಾರಿ ತೆರೆದ ಕೂಡಲೇ ಮನೆಬಳಕೆಯವರು ಅಂಬಾಸಿಡರ್ ಬಿಟ್ಟು ನಡೆದರು, ಅದು ಸರ್ಕಾರಿ ಕಚೇರಿ ಮತ್ತು ಟ್ಯಾಕ್ಸಿಗಳಿಗೆ ಉಳಿಯಿತು. 2014ರಲ್ಲಿ ಒಂದು ವಿಶೇಷ ನಡೆಯಿತು. ಜನವರಿಯಲ್ಲಿ ಮಾರುತಿ 800 ತಯಾರಿಕೆ ನಿಂತಿತು, ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ನಿಂತಿತು. 800 ಮಾರಿದವನಿಗೆ ಮುಂದೆ ಆಲ್ಟೊ ಇತ್ತು, ವ್ಯಾಗನ್ ಆರ್ ಇತ್ತು, ಸ್ವಿಫ್ಟ್ ಇತ್ತು. ಅಂಬಾಸಿಡರ್ ಮಾರಿದವನಿಗೆ ಆ ಕಂಪನಿಯಲ್ಲಿ ಮುಂದಿನ ಕಾರೇ ಇರಲಿಲ್ಲ.

2001ರಲ್ಲಿ ಮಾರುತಿ ಟ್ರೂ ವ್ಯಾಲ್ಯೂ ಅಂತ ಹಳೆ ಕಾರಿನ ವ್ಯಾಪಾರವನ್ನೂ ಶುರು ಮಾಡಿತು. ನಮ್ಮಂಥವರ ವ್ಯಾಪಾರಕ್ಕೆ ಪೈಪೋಟಿ ನಿಜ. ಆದರೆ ಅದರಿಂದ ಒಂದು ದೊಡ್ಡ ಕೆಲಸವಾಯಿತು: ಹೊಸ ಕಾರು ಕೊಳ್ಳುವಾಗಲೇ ಅದನ್ನು ವಾಪಸ್ ತಗೊಳ್ಳುವವರು ಇದ್ದಾರೆ ಅಂತ ಜನರಿಗೆ ಧೈರ್ಯ ಬಂತು. ರೀಸೇಲ್ ರೀಸೇಲ್ ಅಂತ ನಮ್ಮವರು ಬಡಿದುಕೊಳ್ಳುವುದನ್ನು ಪಟ್ಟಣದ ಕೆಲವರು ಜುಗ್ಗತನ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮಧ್ಯಮ ವರ್ಗದ ಮನೆಗೆ ಕಾರು ಅಂದರೆ ಕಷ್ಟಕಾಲಕ್ಕೆ ದುಡ್ಡಾಗಬೇಕಾದ ವಸ್ತುವೂ ಹೌದು. ಮಗಳ ಮದುವೆ, ಆಸ್ಪತ್ರೆ ಖರ್ಚು ಅಂತ ವಾರದೊಳಗೆ ಮಾರಿಸಿಕೊಡಿ ಅಂದವರನ್ನು ನಾನು ನೋಡಿದ್ದೇನೆ. ಆಗ ಸ್ವಿಫ್ಟ್ ಇದ್ದವರ ಮುಖಕ್ಕೂ, ಯಾರೂ ಕೇಳದ ಕಾರು ಇದ್ದವರ ಮುಖಕ್ಕೂ ವ್ಯತ್ಯಾಸ ಇರುತ್ತದೆ.

ಟೊಯೋಟಾ ಕಥೆ ನಮ್ಮ ಬಿಡದಿಯಲ್ಲೇ ಶುರುವಾದದ್ದು. 2000ದಲ್ಲಿ ಕ್ವಾಲಿಸ್ ಬಂದಾಗ ಅದರ ರೂಪ ಯಾರಿಗೂ ಅಷ್ಟು ಹಿಡಿಸಲಿಲ್ಲ. ಆದರೆ ಹಳದಿ ಬೋರ್ಡಿನ ಡ್ರೈವರುಗಳು ಅದನ್ನು ಬೇಗ ಅರ್ಥ ಮಾಡಿಕೊಂಡರು. ಹತ್ತು ಜನರನ್ನು ಕೂರಿಸಿಕೊಂಡು ಧರ್ಮಸ್ಥಳ, ಕುಕ್ಕೆಗೆ ಹೋಗುವವನಿಗೆ ರಾತ್ರಿ ಶಿರಾಡಿ ಘಾಟಿಯಲ್ಲಿ ಗಾಡಿ ಕೈಕೊಡಬಾರದು, ಅಷ್ಟೇ. 2005ರಲ್ಲಿ, ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ, ಕಂಪನಿ ಕ್ವಾಲಿಸ್ ನಿಲ್ಲಿಸಿ ಇನ್ನೋವಾ ತಂದಿತು. ಡ್ರೈವರುಗಳು ಗೊಣಗಿದರು, ಆಮೇಲೆ ಅದನ್ನೇ ಕೊಂಡರು. ಇವತ್ತು ಮೂರು ಲಕ್ಷ ಕಿ.ಮೀ. ಓಡಿದ ಇನ್ನೋವಾ ನನ್ನ ಅಂಗಳಕ್ಕೆ ಬಂದರೆ ಮೀಟರ್ ನೋಡಿ ಯಾರೂ ಹಿಂದೆ ಸರಿಯುವುದಿಲ್ಲ. ಬೇರೆ ಬಹಳಷ್ಟು ಗಾಡಿಗಳಿಗೆ ಒಂದೂವರೆ ಲಕ್ಷ ದಾಟಿದರೆ ಗಿರಾಕಿ ಹುಡುಕುವುದೇ ಕಷ್ಟ.

ಆ ಹೆಸರಿನ ಬೆಲೆ ನೋಡಬೇಕಾದರೆ ಗ್ಲಾಂಜಾ ನೋಡಿ. ಅದು ಮಾರುತಿ ಬಲೆನೊ ಕಾರೇ. 2019ರಿಂದ ಮಾರುತಿ ತಯಾರಿಸಿಕೊಟ್ಟದ್ದನ್ನು ಟೊಯೋಟಾ ತನ್ನ ಲೋಗೋ ಹಾಕಿ ಮಾರುತ್ತಿದೆ. ಆಗ ಬಲೆನೊಗೆ ವಾರಂಟಿ ಎರಡು ವರ್ಷ ಅಥವಾ 40,000 ಕಿ.ಮೀ., ಗ್ಲಾಂಜಾಗೆ ಮೂರು ವರ್ಷ ಅಥವಾ 1 ಲಕ್ಷ ಕಿ.ಮೀ. ಒಂದೇ ಕಾರಿಗೆ ಎರಡು ಭರವಸೆ. ತಿಳಿದವರು ಭರವಸೆ ಜಾಸ್ತಿ ಇದ್ದ ಕಡೆ ಹೋದರು. ಬೇಗ ಮಾರಬೇಕಾಗಬಹುದು ಅನ್ನುವವರು ಬಲೆನೊಗೇ ನಿಂತರು. ಎರಡೂ ಸರಿಯಾದ ಲೆಕ್ಕವೇ ಅಲ್ವಾ?

ಇನ್ನು ಬಿಡುವ ವಿಚಾರ.

ಕೆಲವು ಸಲ ಕಂಪನಿಯೇ ಜನರನ್ನು ಬಿಟ್ಟು ಹೋಗುತ್ತದೆ. 2017ರ ಮೇ ತಿಂಗಳಲ್ಲಿ ಷೆವರ್ಲೆ ಕಾರುಗಳ ಮಾರಾಟ ನಿಲ್ಲಿಸುವುದಾಗಿ ಜನರಲ್ ಮೋಟಾರ್ಸ್ ಹೇಳಿತು. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. ಆ ವಾರ ನನಗೆ ಫೋನ್ ಮೇಲೆ ಫೋನ್. ಇಕೋಸ್ಪೋರ್ಟ್ ಕೊಂಡು ವರ್ಷವೂ ಆಗದವರು, "ಈಗ ಮಾರಿದರೆ ಎಷ್ಟು ಬರುತ್ತೆ?" ಅಂತ ಕೇಳುತ್ತಿದ್ದರು. ಕಾರಿನಲ್ಲಿ ಒಂದು ಬೋಲ್ಟೂ ಸಡಿಲವಾಗಿರಲಿಲ್ಲ. ಸರ್ವೀಸ್, ಪಾರ್ಟ್ಸ್ ಮುಂದುವರಿಸುತ್ತೇವೆ ಅಂತ ಕಂಪನಿ ಹೇಳಿತ್ತು. ಆದರೂ ಅವರ ದನಿಯಲ್ಲಿ ನೋವಿತ್ತು, ಆ ನೋವು ನ್ಯಾಯವಾದದ್ದು. ಇಷ್ಟಾಗಿಯೂ ಸಕಲೇಶಪುರದ ಕಾಫಿ ಬೆಳೆಗಾರರೊಬ್ಬರು ತಮ್ಮ ಎಂಡೆವರ್ ಇವತ್ತಿಗೂ ಮಾರಿಲ್ಲ. ಕಾರಣ ಕೇಳಿದರೆ ಫೋರ್ಡ್ ಹೆಸರು ಹೇಳುವುದಿಲ್ಲ, ತಮ್ಮ ಮೆಕ್ಯಾನಿಕ್ ಹೆಸರು ಹೇಳುತ್ತಾರೆ. ಅವನ ಹತ್ತಿರ ಸ್ಕ್ಯಾನರ್ ಇದೆ, ಪಾರ್ಟ್ ತರಿಸುವ ದಾರಿ ಗೊತ್ತಿದೆ.

ಕೆಲವು ಸಲ ಕಂಪನಿ ನಿಮ್ಮ ಬಳಕೆಯನ್ನು ಬಿಡುತ್ತದೆ. 2020ರ ಏಪ್ರಿಲ್‌ನಿಂದ ಮಾರುತಿ ಡೀಸೆಲ್ ಕಾರು ಮಾಡುತ್ತಿಲ್ಲ. ದಿನಕ್ಕೆ ನೂರಾರು ಕಿ.ಮೀ. ಓಡುವವರು ಬೇಸರದಿಂದಲೇ ಹ್ಯುಂಡೈ, ಕಿಯಾ, ಮಹೀಂದ್ರ ಕಡೆ ಹೋದರು.

ಆದರೆ ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಬಿಡುವುದು ಸರ್ವೀಸ್ ಕೌಂಟರಿನ ಕಾರಣಕ್ಕೆ. ಒಬ್ಬ ಶಿಕ್ಷಕಿ ಕಾರು ಮಾರಲು ಬಂದಾಗ ಜೊತೆಗೆ ಸರ್ವೀಸ್ ಬಿಲ್ ಕೂಡ ತಂದಿದ್ದರು. ಕಂಪನಿ ಹೆಸರು ಬೇಡ. ಶಾಲೆಗೆ ಹೋಗಿ ಬರಲು ಬಿಟ್ಟರೆ ಹೆಚ್ಚು ಓಡದ ಪುಟ್ಟ ಕಾರು. ಬಿಲ್ಲಿನಲ್ಲಿ ಆಯಿಲ್, ಫಿಲ್ಟರ್ ಆದ ಮೇಲೆ ಸಾಲುಸಾಲಾಗಿ: ಥ್ರಾಟಲ್ ಬಾಡಿ ಕ್ಲೀನಿಂಗ್, ಇಂಜಿನ್ ಡ್ರೆಸ್ಸಿಂಗ್, ಎಸಿ ಕ್ಲೀನಿಂಗ್, ಅಂಡರ್‌ಬಾಡಿ ಕೋಟಿಂಗ್. ಅವರು ಯಾವುದನ್ನೂ ಕೇಳಿರಲಿಲ್ಲ. ಪ್ರಶ್ನೆ ಮಾಡಿದ್ದಕ್ಕೆ ಕೌಂಟರಿನ ಹುಡುಗ, "ಮೇಡಂ, ಮನೆಯಲ್ಲಿ ಸರ್ ಇದ್ದರೆ ಫೋನ್ ಕೊಡಿ, ಅವರಿಗೆ ಹೇಳ್ತೀನಿ" ಅಂದನಂತೆ. ಕಾರಿನ ಮೇಲೆ ಅವರಿಗೆ ಒಂದು ದೂರೂ ಇರಲಿಲ್ಲ. ಆ ಒಂದು ಮಾತಿಗೆ ಅವರೂ, ಅವರ ತಂಗಿಯೂ, ಸ್ಟಾಫ್ ರೂಮಿನ ಇನ್ನಿಬ್ಬರೂ ಆ ಬ್ರ್ಯಾಂಡ್ ಕಡೆ ತಲೆ ಹಾಕಲಿಲ್ಲ. ಕೋಟಿಗಟ್ಟಲೆ ಜಾಹೀರಾತು ಕೊಡುವವರು ಆ ಕೌಂಟರಿನಲ್ಲಿ ಯಾರನ್ನು ಕೂರಿಸಿದ್ದೇವೆ ಅಂತ ನೋಡಬೇಕು. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಮಾವ ಟಾಟಾ ಕೊಂಡ ಪ್ರಶ್ನೆ ಉಳಿಯಿತು. ಅವರ ತಲೆಮಾರಿನವರಿಗೆ ಟಾಟಾ ಅಂದರೆ ಇಂಡಿಕಾ. 1998ರ ಕೊನೆಗೆ ಬಂದ ಮೊದಲ ಇಂಡಿಕಾದಲ್ಲಿ ತೊಂದರೆಗಳಿದ್ದವು. ಅದನ್ನೇ ತಿದ್ದಿ ತಂದ ವಿ2 ಬಂದ ಮೇಲೆ ಸರಿಹೋಯಿತು, ಆದರೆ ಟ್ಯಾಕ್ಸಿ ಅನ್ನುವ ಹೆಸರು ಅಂಟಿಕೊಂಡಿತು. 2014ರಲ್ಲಿ ಕಾರುಗಳ ಸುರಕ್ಷತೆಗೆ ಐದರವರೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ನಮ್ಮ ಕಾರುಗಳನ್ನು ಗುದ್ದಿಸಿ ನೋಡಿದಾಗ ಆಲ್ಟೊಗೂ ಸೊನ್ನೆ ಸ್ಟಾರ್, ಟಾಟಾ ನ್ಯಾನೊಗೂ ಸೊನ್ನೆ. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್‌ಗೆ ಐದು ಸ್ಟಾರ್ ಬಂತು. ಹೊತ್ತಿಗೆ ಸರಿಯಾಗಿ ಮನೆಗಳಲ್ಲಿ ನಿರ್ಧಾರ ಮಾಡುವವರು ಬದಲಾಗಿದ್ದರು. ಸಾಲದ ಕಂತು ಕಟ್ಟುವುದು ಬೆಂಗಳೂರಿನ ಮಗಳು. ಅವಳಿಗೆ ಹಳೆ ಇಂಡಿಕಾ ನೆನಪಿಲ್ಲ. ಅಪ್ಪ ಮೈಲೇಜ್ ಕೇಳಿದರೆ ಅವಳು ಏರ್‌ಬ್ಯಾಗ್ ಎಷ್ಟು ಅಂತ ಕೇಳುತ್ತಾಳೆ. 2024ರಲ್ಲಿ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಟಾಟಾ ಪಂಚ್. ಅದೇ ವರ್ಷ ನವೆಂಬರಿನಲ್ಲಿ ಹೊಸ ಡಿಜೈರ್ ಐದು ಸ್ಟಾರ್ ಪಡೆಯಿತು, ಮಾರುತಿ ಕಾರೊಂದಕ್ಕೆ ಮೊದಲ ಸಲ. ಜನ ಬಿಟ್ಟು ಹೋಗದಿದ್ದರೆ ಆ ಡಿಜೈರ್ ಬರುತ್ತಿತ್ತೇ ಅನ್ನುವುದು ನನ್ನ ಅನುಮಾನ.

ಹಾಗಾದರೆ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ ನಾನು ಒಂದು ಕೆಲಸ ಹೇಳಿ ಕಳಿಸುತ್ತೇನೆ. ಶೋರೂಮಿನ ಮುಂಬಾಗಿಲು ಬಿಡಿ. ಶನಿವಾರ ಸಂಜೆ ಅದರ ಸರ್ವೀಸ್ ಸೆಂಟರ್ ಹತ್ತಿರ ಹೋಗಿ ನಿಲ್ಲಿ. ಗಾಡಿ ಬಿಡಿಸಿಕೊಂಡು ಹೋಗುವವರನ್ನು ಮಾತಾಡಿಸಿ. ನಿಮಗೆ ಬೇಕಾದ ಕಾರಿನ ಹೆಡ್‌ಲ್ಯಾಂಪ್ ಎಷ್ಟು, ಬರಲು ಎಷ್ಟು ದಿನ ಅಂತ ಪಾರ್ಟ್ಸ್ ಕೌಂಟರಿನಲ್ಲಿ ಕೇಳಿ. ಆಮೇಲೆ ನಿಮ್ಮೂರಿನ ಮೆಕ್ಯಾನಿಕ್‌ಗೆ ಕಾರಿನ ಹೆಸರು ಹೇಳಿ, ಕೈ ಹಾಕುತ್ತೀಯಾ ಅಂತ ವಿಚಾರಿಸಿ. ಇಷ್ಟು ಮುಗಿಸಿ ಬನ್ನಿ, ಬಣ್ಣ, ಸನ್‌ರೂಫ್ ಆಮೇಲೆ ಮಾತಾಡೋಣ.