ಬೆಳಕು ನೆಲದ ಮ್ಯಾಲ ಬೀಳಬೇಕು

"ನಿಮ್ಮ ಲೈಟ್ ಮಾತ್ರ ಕಂಡಿತು. ಮಗು ಕಾಣಲೇ ಇಲ್ಲ."

ಹೋದ ಮಂಗಳವಾರ ಸಂಜೆ ಕಾಲುವೆ ದಾರಿಯಲ್ಲಿ ಸೈಕಲ್ ನಿಲ್ಲಿಸಿ, ಪಕ್ಕದ ಮನೆಯ ಅಜ್ಜ ನನಗೆ ಹೇಳಿದ್ದು ಇಷ್ಟೇ. ಬೈಯಲಿಲ್ಲ, ದನಿ ಏರಿಸಲಿಲ್ಲ. ಆದರೆ ಹ್ಯಾಂಡಲ್ ಹಿಡಿದ ಅವರ ಕೈ ನಡುಗುತ್ತಿತ್ತು. ಇನ್ನೆರಡು ಮೊಳ ಮುಂದೆ ಬಂದಿದ್ದರೆ ಅವರ ಸೈಕಲ್ ನನ್ನ ಮಗಳ ಸೈಕಲ್‌ಗೆ ಗುದ್ದುತ್ತಿತ್ತು.

ನಾವಿರುವ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ನವೆಂಬರ್ ಕೊನೆಗೆ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಮಗಳು ನನ್ನ ಹಿಂದೆ ಸ್ವಲ್ಪ ಪಕ್ಕಕ್ಕೆ ಅವಳ ಸೈಕಲ್‌ನಲ್ಲಿ ಬರುತ್ತಿದ್ದಳು. ಮುಂದೆ ನಮ್ಮ ಮನೆಯ ಕಡೆ ಎಡಕ್ಕೆ ತಿರುಗಬೇಕಲ್ಲ, ಅದಕ್ಕೆ ನಾನು ಇನ್ನೂರು ಮೀಟರ್ ಮೊದಲೇ ದಾರಿಯ ಎಡಬದಿಗೆ ಬಂದುಬಿಟ್ಟಿದ್ದೆ. ಅವಳೂ ನನ್ನ ಹಿಂದೆಯೇ ಬಂದಳು. ಇಲ್ಲಿ ಬಲಕ್ಕೇ ಹೋಗಬೇಕು. ಅಜ್ಜ ಸರಿಯಾಗಿ ಅವರ ಬಲಬದಿಯಲ್ಲೇ ಬರುತ್ತಿದ್ದರು. ಅವರ ದಾರಿಗೆ ಅಡ್ಡ ಬಂದದ್ದು ನಾನು.

ನನ್ನ ಲೈಟ್ ಹೊಸದು. ಎರಡು ವಾರದ ಹಿಂದೆ ಆನ್‌ಲೈನ್‌ನಲ್ಲಿ ತರಿಸಿದ್ದೆ. ಬೆಳಕು ಎಷ್ಟು ಜೋರಾಗಿದೆಯೋ ಮಗಳು ಅಷ್ಟು ಕ್ಷೇಮ ಅಂದುಕೊಂಡಿದ್ದೆ. ಲೈಟನ್ನು ನೇರ ಮುಂದಕ್ಕೆ ನೋಡುವ ಹಾಗೆ ಬಿಗಿದಿದ್ದೆ. ಆ ಬೆಳಕಲ್ಲಿ ನನಗೆ ಮರ, ನೀರು, ಕಾಲುವೆಯ ಆಚೆ ದಡ ಎಲ್ಲ ಕಂಡವು. ಎದುರಿಗಿದ್ದ ಅಜ್ಜನಿಗೆ ಮಾತ್ರ ಏನೂ ಕಾಣಲಿಲ್ಲ. ನನ್ನ ಹಿಂದಿದ್ದ ಮಗಳ ಪುಟ್ಟ ಲೈಟ್ ನನ್ನ ಬೆಳಕಿನಲ್ಲಿ ಮುಳುಗಿಹೋಗಿತ್ತು.

ಮನೆಗೆ ಬಂದು ಶೂ ಬಿಚ್ಚುವಾಗ ಮಗಳು ಹೇಳಿದಳು, "ಅಪ್ಪ, ನೀನು ಗೈಸ್ಟರ್‌ರಾಡ್ಲರ್."

ಗೈಸ್ಟ್ ಅಂದರೆ ದೆವ್ವ. ರಾಂಗ್ ಸೈಡಲ್ಲಿ ಬರುವ ಸೈಕಲ್ ಸವಾರನಿಗೆ ಇಲ್ಲಿನ ಹೆಸರು ಅದು, ದೆವ್ವದ ಸವಾರ. ಅವಳು ನಾಲ್ಕನೇ ತರಗತಿ. ಶಾಲೆಯಲ್ಲಿ ಪೊಲೀಸರು ಬಂದು ಸೈಕಲ್ ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಓದುತ್ತಿದ್ದಾಳೆ. "ಬೇಕರಿಗೆ ಹೋಗುವಾಗಲೂ ನೀನು ಹಾಗೇ ಮಾಡ್ತೀಯ" ಅಂದಳು. ನಿಜ. ಬೇಕರಿ ಇರುವುದು ದೊಡ್ಡ ರಸ್ತೆಯ ನಮ್ಮ ಬದಿಯಲ್ಲೇ. ಸರಿಯಾಗಿ ಹೋಗಬೇಕಾದರೆ ಆಚೆ ಬದಿಗೆ ಹೋಗಿ ಮತ್ತೆ ಈಚೆಗೆ ಬರಬೇಕು, ಎರಡು ಸಿಗ್ನಲ್ ದಾಟಬೇಕು. ನಾನು ಈಚೆ ಬದಿಯ ಸೈಕಲ್ ದಾರಿಯಲ್ಲೇ ಎದುರು ಮುಖವಾಗಿ ಹೋಗಿಬಿಡುತ್ತೇನೆ. ಎಡಬದಿಯ ದಾರಿಯಲ್ಲಿ ಹೋಗಬಹುದು ಅಂತ ಬೋರ್ಡ್ ಇದ್ದರೆ ಸರಿ. ಇಲ್ಲದಿದ್ದರೆ 20 ಯೂರೋ ದಂಡ. ಲೈಟ್ ಇಲ್ಲದೆ ಓಡಿಸಿದರೂ ಅಷ್ಟೇ.

ಅವಳು ಪುಸ್ತಕ ತಂದು ಚಿತ್ರ ತೋರಿಸಿದಳು. ಅಡ್ಡರಸ್ತೆಯಿಂದ ಕಾರು ಹೊರಗೆ ಬರುತ್ತಿದೆ. ಡ್ರೈವರ್ ಎಡಕ್ಕೆ ನೋಡುತ್ತಿದ್ದಾನೆ, ಯಾಕೆಂದರೆ ಹತ್ತಿರದ ಬದಿಯ ಗಾಡಿಗಳೆಲ್ಲ ಎಡದಿಂದ ಬರುತ್ತವೆ. ಸೈಕಲ್ ಬರುತ್ತಿರುವುದು ಬಲದಿಂದ. "ಅವನು ಈ ಕಡೆ ನೋಡೋದೇ ಇಲ್ಲ ಅಪ್ಪ" ಅಂತ ಬೆರಳಿಟ್ಟು ಹೇಳಿದಳು. ಹತ್ತು ವರ್ಷದ ಮಗುವಿನಿಂದ ಇದನ್ನು ಕೇಳಿಸಿಕೊಳ್ಳುವಾಗ ಎದೆ ಭಾರವಾಯಿತು. ಎಷ್ಟು ದಿನ ಅವಳನ್ನು ಹಿಂದೆ ಕರೆದುಕೊಂಡು ಹಾಗೇ ಹೋಗಿದ್ದೇನೆ!

ಎಡಕ್ಕೆ ಸರಿಯುವುದು ನನ್ನ ಕೈಗೆ ರಾಯಚೂರಿನಿಂದ ಬಂದದ್ದು. ನಮ್ಮಲ್ಲಿ ಎಡವೇ ಸರಿ ಅಲ್ವಾ. ಇಲ್ಲಿಗೆ ಬಂದ ಮೊದಲ ವರ್ಷ ಕಿರಿದಾದ ದಾರಿಯಲ್ಲಿ ಯಾರಾದರೂ ಎದುರು ಬಂದರೆ ಅವರು ಬಲಕ್ಕೆ, ನಾನು ಎಡಕ್ಕೆ ಸರಿದು ಇಬ್ಬರೂ ಮುಖಾಮುಖಿ ನಿಲ್ಲುತ್ತಿದ್ದೆವು. ಆದರೆ ಬೇಕರಿ ದಾರಿಯದು ಕೈಯ ಅಭ್ಯಾಸವಲ್ಲ. "ಅಷ್ಟು ದೂರ ಹೋಗಿ ಯಾರು ತಿರುಗಿ ಬರ್ತಾರೆ" ಅನ್ನುವ ಮನಸ್ಸು ಅದು. ಅದನ್ನೂ ಊರಿಂದಲೇ ತಂದಿದ್ದೇನೆ. ಡಿವೈಡರ್ ಹಾಕಿದ ರಸ್ತೆಯಲ್ಲಿ ಯು ಟರ್ನ್‌ವರೆಗೆ ಹೋಗುವ ಬದಲು ಅಂಚಿನಲ್ಲಿ ಎದುರು ನುಗ್ಗುವವರು ನಮ್ಮಲ್ಲಿ ಎಷ್ಟು ಜನ! ಅದನ್ನು ತಪ್ಪು ಅಂತ ಹೇಳುವವರನ್ನು ನಾನು ಅಲ್ಲಿ ಕಂಡದ್ದು ಕಡಿಮೆ.

ಲೈಟಿನ ವಿಷಯ ಹಾಗಲ್ಲ. ಅದನ್ನು ನನಗೆ ಊರಲ್ಲೇ ಹೇಳಿಕೊಟ್ಟಿದ್ದರು. ಮರೆತವನು ನಾನು.

ಅಪ್ಪನದು ಸೈಕಲ್ ರಿಪೇರಿ ಅಂಗಡಿ. ತೀನ್ ಕಂದೀಲ್ ಸರ್ಕಲ್‌ನಿಂದ ಸ್ವಲ್ಪ ದೂರ. ತೀನ್ ಕಂದೀಲ್ ಅಂದರೆ ಮೂರು ಕಂದೀಲು. ಆ ಹೆಸರು ಹೇಳುವಾಗೆಲ್ಲ ಈಗಲೂ ನನ್ನ ಕಣ್ಣಿಗೆ ಹಳದಿ ಬೆಳಕು ಬರುತ್ತದೆ. ತೊಂಬತ್ತರ ದಶಕದಲ್ಲಿ ಡೈನಮೋ ಹಾಕಿಸಲು ಜನ ಬರುತ್ತಿದ್ದರು. ಬಾಟಲಿಯಂಥ ಡೈನಮೋ, ಅದರ ತಲೆ ಟೈರಿಗೆ ತಾಗಿ ಗರ್ರ್ ಅಂತ ತಿರುಗುತ್ತಿತ್ತು. ಜೋರಾಗಿ ತುಳಿದರೆ ಬೆಳಕು ಜಾಸ್ತಿ, ನಿಧಾನವಾದರೆ ಮಂಕು, ನಿಂತರೆ ಕತ್ತಲೆ. ಅಪ್ಪ ಚಕ್ರ ಎತ್ತಿ ಕೈಯಲ್ಲಿ ತಿರುಗಿಸುತ್ತಿದ್ದರು. ಬೆಳಕಿನ ಉಂಡೆ ಎದುರು ಗೋಡೆಯ ಮೇಲೆ ಬಿದ್ದರೆ ಲೈಟನ್ನು ಬಗ್ಗಿಸಿ ನೆಲಕ್ಕೆ ತರುತ್ತಿದ್ದರು.

"ಬೆಳಕು ನೆಲದ ಮ್ಯಾಲ ಬೀಳಬೇಕಪ. ಮಂದಿ ಮಾರಿ ಮ್ಯಾಲ ಅಲ್ಲ."

ಆಗ ಲಾರಿ, ಬಸ್ಸುಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದಿರುತ್ತಿದ್ದರು, ನೆನಪಿದೆಯಾ? ಅಪ್ಪನ ಬಳಿಯೂ ಒಂದು ಡಬ್ಬಿ ಕಪ್ಪು ಬಣ್ಣ ಇತ್ತು. ಗೆಳೆಯರ ಸ್ಕೂಟರ್‌ಗಳಿಗೆ ಸುಮ್ನೆ ಬಳಿದು ಕೊಡುತ್ತಿದ್ದರು, ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅದು ಯಾಕೆ ಅಂತ ನಾನು ಕೇಳಿರಲಿಲ್ಲ.

ಬುಧವಾರ ಸಂಜೆ ಇಲ್ಲಿನ ಸೈಕಲ್ ಅಂಗಡಿಗೆ ಹೋದೆ. ನನ್ನ ಲೈಟನ್ನು ತಿರುಗಿಸಿ ನೋಡಿದ ಅಂಗಡಿಯ ಹೆಂಗಸು ತಲೆ ಅಲ್ಲಾಡಿಸಿದರು. ಒಪ್ಪಿಗೆ ಸಿಕ್ಕ ಲೈಟಿನ ಮೇಲೆ ಅಲೆಯಂಥ ಒಂದು ಗೆರೆ, ಕೆ ಅಕ್ಷರ, ಒಂದು ನಂಬರ್ ಇರುತ್ತದೆ. ನನ್ನದರ ಮೇಲೆ ಇರಲಿಲ್ಲ. ಅವರು ಬೇರೆ ಲೈಟ್ ಹಚ್ಚಿ ಗೋಡೆಗೆ ಹಿಡಿದರು. ಬೆಳಕಿನ ಮೇಲಂಚು ಚಾಕುವಿನಿಂದ ಕತ್ತರಿಸಿದ ಹಾಗಿತ್ತು. ಗೆರೆಯ ಕೆಳಗೆ ಬೆಳಕು, ಮೇಲೆ ಕತ್ತಲೆ. ಥೇಟ್ ಅಪ್ಪನ ಕಪ್ಪು ಬಣ್ಣ! ಅಂಗಡಿಯಲ್ಲಿ ನಿಂತೇ ನನಗೆ ಗಂಟಲು ಕಟ್ಟಿತು.

ಹೊಸ ಲೈಟನ್ನು ಎಷ್ಟು ಬಗ್ಗಿಸಬೇಕು ಅನ್ನುವುದಕ್ಕೆ ಇಲ್ಲಿ ಹಳೆಯ ಲೆಕ್ಕವೊಂದಿದೆ. 5 ಮೀಟರ್ ಮುಂದೆ ಬೆಳಕಿನ ನಡುಭಾಗ ಲೈಟಿನ ಅರ್ಧ ಎತ್ತರಕ್ಕೆ ಇಳಿದಿರಬೇಕು. ಮುಂದಿನ ಲೈಟ್ ಮಿಣುಕುವಂತೆಯೂ ಇಲ್ಲ, ಒಂದೇ ಸಮ ಉರಿಯಬೇಕು. ಮಿಣುಕುವ ಲೈಟ್ ಹತ್ತಿರವಿದೆಯೋ ದೂರವಿದೆಯೋ ಕತ್ತಲೆಯಲ್ಲಿ ತಿಳಿಯುವುದು ಕಷ್ಟ.

ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಆಗಲೇ ಹನ್ನೊಂದೂವರೆ, ಆದರೂ ಎದ್ದು ಕೂತಿದ್ದರು. ಮಗಳು ಸೈಕಲ್ ಹಿಡಿದು ನಿಂತಳು, ನಾನು ಗ್ಯಾರೇಜಿನ ಬಾಗಿಲಿಗೆ ಬೆಳಕು ಬಿಟ್ಟೆ. "ಇನ್ನೊಂದು ಚೂರು ಕೆಳಗ" ಅಂದರು ಅಪ್ಪ. ಸ್ವಲ್ಪ ಬಗ್ಗಿಸಿದೆ. "ಇನ್ನೊಂದು ಚೂರು. ಹಾಂ, ಸಾಕು." ಇಲ್ಲಿ 2013ರವರೆಗೆ ಸಾಮಾನ್ಯ ಸೈಕಲ್‌ಗಳಿಗೆ ಡೈನಮೋ ಇರಲೇಬೇಕಿತ್ತು, ಈಗ ಅದು ಚಕ್ರದ ಹಬ್ ಒಳಗೇ ಕೂತಿರುತ್ತದೆ, ಟೈರ್ ಸವೆಯುವುದಿಲ್ಲ ಅಂದೆ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಆದರೂ ಅವರ ಮುಖ ಅರಳಿತು. ಅದನ್ನು ಬಿಚ್ಚಿ ತೋರಿಸು ಅಂತ ಹಟ ಹಿಡಿದರು.

ಆಮೇಲೆ ಅಜ್ಜನ ವಿಷಯ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಾನೂ ಕತ್ತಲಾದ ಮ್ಯಾಲ ಸೈಕಲ್ ತೆಗಿಯೋದು ಬಿಟ್ಟೀನಿ" ಅಂದರು. "ಎದುರಿಗೆ ಲೈಟ್ ಬಂತಂದ್ರ ಏನೂ ಕಾಣಲ್ಲ. ಇಳಿದು ಬಾಜೂಕ ನಿಂತ್ಕಂತಿದ್ದೆ. ಈಗ ಹೋಗೋದೇ ಇಲ್ಲ."

ನನಗೆ ಇದು ಗೊತ್ತೇ ಇರಲಿಲ್ಲ. ಕಣ್ಣಿನ ಪೊರೆ ಆಪರೇಷನ್ ಆದಮೇಲೆ ಎಲ್ಲ ಸರಿಯಿದೆ ಅಂದಿದ್ದರು. ಸಂಜೆ ಸೈಕಲ್ ಹತ್ತಿ ತರಕಾರಿ ತರುವುದು, ದಾರಿಯಲ್ಲಿ ಹಳೆಯ ಗೆಳೆಯರ ಜೊತೆ ಚಹಾ ಕುಡಿಯುವುದು, ಅವರ ದಿನದ ಸುಖವೆಲ್ಲ ಅದರಲ್ಲೇ ಇತ್ತು. 2017ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಬೈಕ್ ಶುರು ಮಾಡಿದರೆ ಹೆಡ್‌ಲೈಟ್ ತಾನೇ ಉರಿಯುತ್ತದೆ. ಅದು ಒಳ್ಳೆಯದೇ. ಆದರೆ ಅದಕ್ಕೆ ಕಣ್ಣು ಚುಚ್ಚುವ ಬಿಳಿ ಎಲ್‌ಇಡಿ ಹಾಕಿಸಿ, ಊರೊಳಗೂ ಡಿಮ್ ಮಾಡದೆ ಬರುವವರಿದ್ದಾರಲ್ಲ, ಅವರ ಮನೆಯಲ್ಲೂ ಒಬ್ಬ ಅಪ್ಪ ಇರುತ್ತಾನೆ. ಅವನೂ ಕತ್ತಲಾದ ಮೇಲೆ ಹೊರಗೆ ಬರುವುದನ್ನು ಬಿಟ್ಟಿರಬಹುದು. ಇದನ್ನು ಓದುತ್ತಿರುವ ನಮ್ಮ ಊರಿನವರೇ, ಒಮ್ಮೆ ಕೇಳಿ ನೋಡಿ.

ಶನಿವಾರ ಕಾಲುವೆ ದಾರಿಯಲ್ಲಿ ಅಜ್ಜ ಮತ್ತೆ ಸಿಕ್ಕರು. ಈ ಸಲ ನಾವು ಬಲಕ್ಕಿದ್ದೆವು. ದೂರದಿಂದಲೇ ಬೆಲ್ ಹೊಡೆದು ಮೊದಲು ಮಗಳಿಗೆ ಕೈ ಬೀಸಿದರು, ಆಮೇಲೆ ನನಗೆ.

ಜನವರಿಯಲ್ಲಿ ಊರಿಗೆ ಬರುವಾಗ ಅಂಥದ್ದೇ ಒಂದು ಲೈಟ್ ತರ್ತೀನಿ ಅಂತ ಅಪ್ಪನಿಗೆ ಹೇಳಿದೆ.

"ನನಗ್ಯಾಕಪ ಲೈಟು?" ಅಂದರು. "ನನ್ನ ಎದುರಿಗೆ ಬರೋರಿಗೆ ಕೊಡು."